ದೊಡ್ಡ ನಂಬರ್ ಬಿಡಿ, ನಿಮ್ಮ ಆಟದ ಅತಿ ಕಡಿಮೆ ನಂಬರ್ ಎಷ್ಟು ಹೇಳಿ

ತಾಲೂಕು ಕೇಂದ್ರದ ಯಾವುದೇ ಕಂಪ್ಯೂಟರ್ ಅಂಗಡಿಗೆ ಹೋಗಿ, ಗೇಮ್ ಆಡೋಕೆ ಮಾನಿಟರ್ ಬೇಕು ಅಂತ ಕೇಳಿ ನೋಡಿ. ಮೊದಲು ಬರುವ ಮಾತು ಹರ್ಟ್ಸ್. 144 ಇದೆ, 165 ಇದೆ, ಸ್ವಲ್ಪ ಸೇರಿಸಿದರೆ 180, ಇನ್ನೂ ಸ್ವಲ್ಪ ಸೇರಿಸಿದರೆ 240. ಮನೆಗೆ ಬಂದು ಯೂಟ್ಯೂಬ್ ತೆರೆದರೆ ಅಲ್ಲಿ ಎಫ್‌ಪಿಎಸ್. "ವಿ-ಸಿಂಕ್ ಆಫ್ ಮಾಡಿ, ಎಫ್‌ಪಿಎಸ್ ಅನ್‌ಲಿಮಿಟೆಡ್ ಬಿಡಿ, ಆಮೇಲೆ ನೋಡಿ ಮಜಾ" ಅಂತ ಒಬ್ಬರು ಹೇಳಿದ್ದನ್ನೇ ಹತ್ತು ಜನ ಹೇಳುತ್ತಾರೆ. ನಿಮ್ಮ ಹತ್ತಿರ ಇರುವ ಕಂಪ್ಯೂಟರ್ ಯಾವುದು, ಅದರ ಕಾರ್ಡ್ ಎಷ್ಟು ಹಳೆಯದು, ಅದು ಒಂದೇ ಸಮನೆ ಎಷ್ಟು ಫ್ರೇಮ್ ಕೊಡುತ್ತದೆ ಅಂತ ಅಂಗಡಿಯವರೂ ಕೇಳುವುದಿಲ್ಲ, ಯೂಟ್ಯೂಬಿನವರೂ ಕೇಳುವುದಿಲ್ಲ.

ನನ್ನ ತಕರಾರು ಇಲ್ಲಿದೆ. ಹಳ್ಳಿಯಲ್ಲಿ ಕೂತು ವ್ಯಾಲರೆಂಟ್, ಕೌಂಟರ್ ಸ್ಟ್ರೈಕ್ ಅಥವಾ ಬಿಜಿಎಂಐ ಆಡುವ ಹುಡುಗರಿಗೆ ಮಾರುತ್ತಿರುವುದು ದೊಡ್ಡ ನಂಬರ್. ಆಟದಲ್ಲಿ ಸೋಲಿಸುವುದು ಚಿಕ್ಕ ನಂಬರ್. ಗುಂಡಿನ ಚಕಮಕಿ ನಡೆಯುವಾಗ, ಹೊಗೆ ಬಿದ್ದಾಗ, ನಾಲ್ಕು ಜನ ಒಟ್ಟಿಗೆ ಕಾಣಿಸಿಕೊಂಡಾಗ ಎಫ್‌ಪಿಎಸ್ ಎಲ್ಲಿಗೆ ಬೀಳುತ್ತದೋ ಅದು. ಸೆಟ್ಟಿಂಗ್ ಮಾಡಬೇಕಾದದ್ದು ಆ ಚಿಕ್ಕ ನಂಬರ್ ನೋಡಿಕೊಂಡು. ಅದನ್ನು ಹೇಳಿದರೆ ಹೊಸ ಮಾನಿಟರ್ ಮಾರಾಟ ಆಗುವುದಿಲ್ಲ, ಅಷ್ಟೇ.

ಇದೆಲ್ಲ ನಮ್ಮ ಬ್ಲಾಗ್‌ನಲ್ಲಿ ಬರೆಯುವ ವಿಷಯವಾ ಅಂತ ಕೇಳುವವರು ಇದ್ದಾರೆ. ಬೆಳೆ ವಿಮೆ, ಗ್ರಾಮ ಪಂಚಾಯ್ತಿ ನೀರಿನ ಬಿಲ್ ಬಿಟ್ಟು ಮಾನಿಟರ್ ಯಾಕೆ? ಯಾಕೆಂದರೆ ಆ ಮಾನಿಟರಿನ ಕಂತು ಕಟ್ಟುವ ದುಡ್ಡು ಡೈರಿಯ ಹಾಲಿನ ಬಟವಾಡೆಯಿಂದ ಬರುತ್ತದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ಕೆಳಗೆ ತಂದಿತು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕ ಇತ್ತು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಜೂಜನ್ನು ಬೇರೆ, ಇ-ಸ್ಪೋರ್ಟ್ಸ್ ಅನ್ನು ಬೇರೆ ಅಂತ ವಿಂಗಡಿಸಿತು. ಹುಡುಗರು ಇದನ್ನು ಆಟ ಅಂತಲೇ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ತೆಗೆದುಕೊಳ್ಳಲಿ. ಕ್ರಿಕೆಟ್ ಬ್ಯಾಟ್ ಕೊಳ್ಳುವಾಗ ತೂಕ ನೋಡುವ ಹಾಗೆ ಇಲ್ಲೂ ನೋಡಿ ಕೊಳ್ಳಲಿ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಹರ್ಟ್ಸ್ ಅಂದರೆ ಮಾನಿಟರ್ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ತನ್ನ ಪರದೆಯನ್ನು ಹೊಸದಾಗಿ ಬರೆಯುತ್ತದೆ ಅನ್ನುವುದು. ಎಫ್‌ಪಿಎಸ್ ಅಂದರೆ ನಿಮ್ಮ ಕಂಪ್ಯೂಟರ್ ಒಂದು ಸೆಕೆಂಡಿನಲ್ಲಿ ಎಷ್ಟು ಚಿತ್ರ ತಯಾರಿಸುತ್ತದೆ ಅನ್ನುವುದು. ಬರೆಯುವವನು ಒಬ್ಬ, ತಯಾರಿಸುವವನು ಇನ್ನೊಬ್ಬ. ಇಬ್ಬರ ತಾಳ ಕೂಡುವುದಿಲ್ಲ. ಸಿಂಕ್ ಅನ್ನುವ ಸೆಟ್ಟಿಂಗ್ ಹುಟ್ಟಿದ್ದೇ ಇವರಿಬ್ಬರ ತಾಳ ಕೂಡಿಸಲು.

ಬಸ್ ಸ್ಟ್ಯಾಂಡಿಗೆ ಹೋಗೋಣ. ಒಂದು ಮಿಲಿಸೆಕೆಂಡನ್ನು ಒಂದು ನಿಮಿಷ ಅಂದುಕೊಳ್ಳಿ. 60 ಹರ್ಟ್ಸ್ ಮಾನಿಟರ್ ಅಂದರೆ ಹದಿನಾರು ಮುಕ್ಕಾಲು ನಿಮಿಷಕ್ಕೆ ಒಂದು ಬಸ್. 144 ಹರ್ಟ್ಸ್ ಅಂದರೆ ಏಳು ನಿಮಿಷಕ್ಕೆ ಒಂದು. ಕಂಪ್ಯೂಟರ್ ತಯಾರಿಸಿದ ಪ್ರತಿ ಫ್ರೇಮೂ ಒಬ್ಬ ಪ್ರಯಾಣಿಕ.

ವಿ-ಸಿಂಕ್ ಆನ್ ಇದ್ದರೆ ಅದು ಕಟ್ಟುನಿಟ್ಟಿನ ಸರ್ಕಾರಿ ಬಸ್. ಟೈಮಿಗೆ ಹೊರಡುತ್ತದೆ. ಅರ್ಧ ನಿಮಿಷ ತಡವಾಗಿ ಓಡಿ ಬಂದವನು ಮುಂದಿನ ಬಸ್ಸಿಗೆ ಕಾಯಬೇಕು. ಅದಕ್ಕೇ 60 ಹರ್ಟ್ಸ್ ಮಾನಿಟರಿನಲ್ಲಿ ವಿ-ಸಿಂಕ್ ಹಾಕಿಕೊಂಡಾಗ ಕಾರ್ಡ್ ಸ್ವಲ್ಪ ಸುಸ್ತಾದರೂ ಆಟ ದಿಢೀರನೆ ಅರ್ಧ ವೇಗಕ್ಕೆ ಬಿದ್ದಂತೆ ಎಳೆಯುತ್ತದೆ. ಬೇಗ ಬಂದವನಿಗೂ ಸುಖ ಇಲ್ಲ. ಅವನು ಸ್ಟ್ಯಾಂಡಿನಲ್ಲಿ ಕೂತು ಹಳಸುತ್ತಾನೆ. ನೀವು ಮೌಸ್ ಒತ್ತಿದ್ದು ಆಗಲೇ, ಪರದೆಯ ಮೇಲೆ ಕಂಡಿದ್ದು ಎರಡು ಬಸ್ ಆದ ಮೇಲೆ.

ವಿ-ಸಿಂಕ್ ಆಫ್ ಮಾಡಿದರೆ ಓಡುವ ಬಸ್ಸಿಗೆ ಹಾರಿ ಹತ್ತಿದ ಹಾಗೆ. ಕಾಯುವ ಮಾತೇ ಇಲ್ಲ. ಆದರೆ ಮಾನಿಟರ್ ಪರದೆಯನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತಾ ಅರ್ಧಕ್ಕೆ ಬಂದಾಗ ಹೊಸ ಫ್ರೇಮ್ ನುಗ್ಗುತ್ತದೆ. ಮೇಲಿನ ಅರ್ಧ ಹಳೆಯ ಚಿತ್ರ, ಕೆಳಗಿನ ಅರ್ಧ ಹೊಸದು. ಎದುರಾಳಿಯ ತಲೆ ಒಂದು ಕಡೆ, ಸೊಂಟ ಇನ್ನೊಂದು ಕಡೆ. ಇದಕ್ಕೆ ಟೇರಿಂಗ್ ಅನ್ನುತ್ತಾರೆ.

ಮೂರನೆಯದು ನಮ್ಮ ಕಡೆಯ ಟೆಂಪೋ. ಪ್ರಯಾಣಿಕ ಬಂದ ಕೂಡಲೇ ಹೊರಡುತ್ತದೆ, ಬರುವ ತನಕ ನಿಂತಿರುತ್ತದೆ. ಎನ್‌ವಿಡಿಯಾ ಕಂಪನಿ 2013ರ ಅಕ್ಟೋಬರ್‌ನಲ್ಲಿ ಜಿ-ಸಿಂಕ್ ಅಂತ ಹೇಳಿದ್ದು ಇದನ್ನೇ. ಆಗ ಮಾನಿಟರಿನ ಒಳಗೆ ಅವರದೇ ಒಂದು ಬೋರ್ಡ್ ಇರಬೇಕಿತ್ತು, ಬೆಲೆ ನಮ್ಮ ಕೈಗೆ ಎಟಕುವುದಾಗಿರಲಿಲ್ಲ. ಎಎಂಡಿ ಕಂಪನಿ ಫ್ರೀಸಿಂಕ್ ಅಂತ ಅದೇ ಕೆಲಸವನ್ನು ಮುಕ್ತ ಮಾನದಂಡದ ಮೇಲೆ ತಂದಿತು. 2019ರ ಜನವರಿಯಲ್ಲಿ ಎನ್‌ವಿಡಿಯಾ ತನ್ನ ಕಾರ್ಡುಗಳು ಆ ಅಗ್ಗದ ಮಾನಿಟರುಗಳ ಜೊತೆಗೂ ಕೆಲಸ ಮಾಡುವಂತೆ ಬಾಗಿಲು ತೆರೆಯಿತು. ಈ ಇಡೀ ಜಾತಿಗೆ ವಿಆರ್‌ಆರ್ ಅನ್ನುತ್ತಾರೆ. ಇಂದು ಮಧ್ಯಮ ಬೆಲೆಯ ಗೇಮಿಂಗ್ ಮಾನಿಟರುಗಳಲ್ಲಿ ಹೆಚ್ಚು ಕಡಿಮೆ ಎಲ್ಲದರಲ್ಲೂ ಇದು ಇದೆ. ದುಡ್ಡು ಕೊಟ್ಟು ತಂದವರಲ್ಲಿ ಎಷ್ಟೋ ಜನ ಇದನ್ನು ಆನ್ ಮಾಡಿರುವುದಿಲ್ಲ. ಯೂಟ್ಯೂಬಿನ ಅಣ್ಣ "ಸಿಂಕ್ ಎಲ್ಲಾ ಆಫ್ ಮಾಡಿ" ಅಂದಿದ್ದಾನಲ್ಲ!

ಆ ಅಣ್ಣ ಹೇಳುವುದು ಪೂರ್ತಿ ಸುಳ್ಳೇನೂ ಅಲ್ಲ. ದೊಡ್ಡ ಟೂರ್ನಿಗಳಲ್ಲಿ ಆಡುವ ವೃತ್ತಿಪರರು ವಿ-ಸಿಂಕ್ ಆಫ್ ಇಟ್ಟೇ ಆಡುತ್ತಾರೆ. ಅವರ ಮಟ್ಟಿಗೆ ಅದು ಸರಿ. ಅವರ ಕಂಪ್ಯೂಟರ್ 400, 500 ಫ್ರೇಮ್ ಕೊಡುತ್ತದೆ. ಅಷ್ಟು ಬೇಗ ಫ್ರೇಮ್ ಬರುವಾಗ ಹಳೆಯ ಚಿತ್ರಕ್ಕೂ ಹೊಸ ಚಿತ್ರಕ್ಕೂ ವ್ಯತ್ಯಾಸ ಎಷ್ಟು ಸಣ್ಣದು ಅಂದರೆ ಹರಿದದ್ದೇ ಕಾಣುವುದಿಲ್ಲ. ಹಾಗಾಗಿ ಕಾಯದೆ ಹಾರಿ ಹತ್ತುವುದೇ ಅವರಿಗೆ ಲಾಭ. ಅವರಿಗೆ ಮಾನಿಟರ್ ಕೊಡುವುದು ಪ್ರಾಯೋಜಕರು. ಕರೆಂಟ್ ಬಿಲ್ ಕಟ್ಟುವುದು ಆಯೋಜಕರು.

ನಿಮ್ಮದು ಹಾಗಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡ್ ಹಾಕಿದ ಕಂಪ್ಯೂಟರಿನಲ್ಲಿ ಖಾಲಿ ಗೋಡೆ ನೋಡುತ್ತಾ ನಿಂತಾಗ 190 ಬರುತ್ತದೆ, ಹೊಗೆ ಬಿದ್ದು ಜಗಳ ಶುರುವಾದಾಗ 85ಕ್ಕೆ ಇಳಿಯುತ್ತದೆ ಅಂದುಕೊಳ್ಳಿ. 190 ಇದ್ದಾಗ ನಿಮಗೆ ಅದರ ಅಗತ್ಯವೇ ಇರಲಿಲ್ಲ, ಎದುರಿಗೆ ಯಾರೂ ಇರಲಿಲ್ಲ. ಬೇಕಾದ ಹೊತ್ತಿಗೆ 85. ಅದೂ ನೆಟ್ಟಗೆ 85 ಅಲ್ಲ, ಒಂದು ಫ್ರೇಮ್ ಬೇಗ, ಇನ್ನೊಂದು ತಡ, ಮಧ್ಯೆ ಒಂದು ಹರಿದದ್ದು. ಕೈ ಕಲಿತ ಲೆಕ್ಕ ತಪ್ಪುತ್ತದೆ. ಗುರಿ ಇಡುವುದು ಅಭ್ಯಾಸದ ಕೆಲಸ. ಬೌಲರ್ ಪ್ರತಿ ಸಲ ಪಿಚ್ ಉದ್ದ ಬದಲಾಯಿಸಿದರೆ ಬ್ಯಾಟ್ಸ್‌ಮನ್ ಏನು ಕಲಿಯುತ್ತಾನೆ?

ಇಂಥ ಕಂಪ್ಯೂಟರಿಗೆ ಟೆಂಪೋನೇ ಬೇಕು. ಅದಕ್ಕೂ ಒಂದು ಮಿತಿ ಇದೆ, ಅದನ್ನು ಮರೆಯಬಾರದು. 144 ಹರ್ಟ್ಸ್ ಮಾನಿಟರಿನ ಟೆಂಪೋ ಹೋಗಿ ವಾಪಸ್ ಬರಲು ಏಳು ನಿಮಿಷ ಬೇಕೇ ಬೇಕು. ಪ್ರಯಾಣಿಕರು ಅದಕ್ಕಿಂತ ಬೇಗ ಬೇಗ ಬಂದರೆ ಮತ್ತೆ ಅದೇ ಸರ್ಕಾರಿ ಬಸ್ ಸ್ಟ್ಯಾಂಡಿನ ಸಾಲು. ಆದ್ದರಿಂದ ಪ್ರಯಾಣಿಕರನ್ನು ಟೆಂಪೋಗಿಂತ ಸ್ವಲ್ಪ ನಿಧಾನಕ್ಕೆ ಕಳಿಸಬೇಕು. ಮಾನಿಟರುಗಳನ್ನು ಅಳೆದು ನೋಡುವ ಬ್ಲರ್ ಬಸ್ಟರ್ಸ್ ಎಂಬ ತಾಣದವರು ವರ್ಷಗಳ ಹಿಂದೆಯೇ ಹೇಳಿದ ಸೂತ್ರ ಇದು: ಜಿ-ಸಿಂಕ್ ಆನ್, ಡ್ರೈವರ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿ-ಸಿಂಕ್ ಆನ್, ಆಟದ ಒಳಗಿನ ವಿ-ಸಿಂಕ್ ಆಫ್, ಎಫ್‌ಪಿಎಸ್ ಮಿತಿ ಹರ್ಟ್ಸ್‌ಗಿಂತ ಕನಿಷ್ಠ ಮೂರು ಕಡಿಮೆ. ಅಂದರೆ 144ಕ್ಕೆ 141 ಅಥವಾ ಅದಕ್ಕಿಂತ ಕೆಳಗೆ. ಎನ್‌ವಿಡಿಯಾದ ರಿಫ್ಲೆಕ್ಸ್ ಎಂಬ ಸೌಲಭ್ಯ ಆಟದಲ್ಲಿ ಇದ್ದು ಇವೆರಡೂ ಆನ್ ಆಗಿದ್ದರೆ ಅದು ತಾನಾಗಿಯೇ 138ರ ಸುಮಾರಿಗೆ ಹಿಡಿದು ನಿಲ್ಲಿಸುತ್ತದೆ.

ವಿ-ಸಿಂಕ್ ಆನ್ ಅಂದ ಕೂಡಲೇ ಹುಡುಗರು ಬೆಚ್ಚಿ ಬೀಳುತ್ತಾರೆ. ಮಿತಿ ಹಾಕಿದ ಮೇಲೆ ಇಲ್ಲಿ ಅದರ ಕೆಲಸ ಬೇರೆ. ಸಾಲು ಕಟ್ಟಿಸುವ ಪ್ರಸಂಗವೇ ಬರುವುದಿಲ್ಲ, ಎಲ್ಲೋ ಒಂದು ಫ್ರೇಮ್ ಅವಸರ ಮಾಡಿದರೆ ಹರಿಯದಂತೆ ತಡೆಯುವ ಬೇಲಿ ಅದು. ಬೇಲಿ ಬೇಡ ಅಂದರೆ ತೆಗೆಯಿರಿ, ಆಗೊಮ್ಮೆ ಈಗೊಮ್ಮೆ ಪರದೆಯ ಅಂಚಿನಲ್ಲಿ ಒಂದು ಗೀರು ಕಾಣಬಹುದು. ಮಿತಿ ಮಾತ್ರ ತೆಗೆಯಬೇಡಿ.

ಮಿತಿ ಹಾಕಿದರೆ ಸ್ಪಂದನೆ ನಿಧಾನ ಆಗುತ್ತದೆ ಅನ್ನುವುದು ಎಲ್ಲಕ್ಕಿಂತ ಹಠಮಾರಿ ಮೂಢನಂಬಿಕೆ. ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಕ್ಕರೆ ಕಾರ್ಖಾನೆ ದಿನಕ್ಕೆ ಅರೆಯುವುದು ಇಷ್ಟೇ ಟನ್ ಅಂತ ಇದೆ. ಅದಕ್ಕಿಂತ ಜಾಸ್ತಿ ಕಬ್ಬು ಕಡಿದರೆ ಏನಾಗುತ್ತದೆ? ಲಾರಿ ಗೇಟಿನ ಮುಂದೆ ನಿಲ್ಲುತ್ತದೆ, ಕಬ್ಬು ಒಣಗುತ್ತದೆ, ಇಳುವರಿ ಬೀಳುತ್ತದೆ. ಗ್ರಾಫಿಕ್ಸ್ ಕಾರ್ಡ್ 99 ಪರ್ಸೆಂಟ್ ಅಂತ ತೋರಿಸುತ್ತಿದ್ದರೆ ಗೇಟಿನ ಮುಂದೆ ಲಾರಿ ನಿಂತಿದೆ ಅಂತ ಅರ್ಥ. ಪ್ರೊಸೆಸರ್ ಫ್ರೇಮ್ ಸಿದ್ಧ ಮಾಡಿ ಕಳಿಸುತ್ತಲೇ ಇದೆ, ಕಾರ್ಡ್ ತೆಗೆದುಕೊಳ್ಳಲು ಆಗುತ್ತಿಲ್ಲ. ಸಾಲಿನಲ್ಲಿ ನಿಂತ ಪ್ರತಿ ಫ್ರೇಮಿನಲ್ಲೂ ಇರುವುದು ನಿಮ್ಮ ಮೌಸಿನ ಹಳೆಯ ಚಲನೆ. ಮೀಟರಿನಲ್ಲಿ ಎಫ್‌ಪಿಎಸ್ ಜಾಸ್ತಿ ಕಾಣುತ್ತದೆ, ಕೈಗೆ ಆಟ ಭಾರ ಅನ್ನಿಸುತ್ತದೆ. ಕಾರ್ಡ್ ಆರಾಮಾಗಿ ಉಸಿರಾಡುವಷ್ಟಕ್ಕೆ ಮಿತಿ ಹಾಕಿ ನೋಡಿ, ನಂಬರ್ ಇಳಿದರೂ ಕೈ ಹಗುರಾಗುತ್ತದೆ. ಕಟಾವಿನ ಪರ್ಮಿಟ್ ಕೊಟ್ಟ ಹಾಗೆ ಇದು. 2020ರಲ್ಲಿ ಬಂದ ರಿಫ್ಲೆಕ್ಸ್, ಎಎಂಡಿಯ ಆಂಟಿ-ಲ್ಯಾಗ್ ಎರಡೂ ಮಾಡುವುದು ಈ ಸಾಲು ಕರಗಿಸುವ ಕೆಲಸವನ್ನೇ. ಹಳೆಯ ಜಿಟಿಎಕ್ಸ್ 900 ಸರಣಿಯ ಕಾರ್ಡಿನಿಂದ ಈಚೆಗೆ ರಿಫ್ಲೆಕ್ಸ್ ಕೆಲಸ ಮಾಡುತ್ತದೆ. ವ್ಯಾಲರೆಂಟ್‌ನಲ್ಲೂ ಕೌಂಟರ್ ಸ್ಟ್ರೈಕ್ 2ರಲ್ಲೂ ಇದೆ. ಒಂದು ಪೈಸೆ ಖರ್ಚಿಲ್ಲ. ಅದಕ್ಕೇ ಇದರ ಬಗ್ಗೆ ಜಾಹೀರಾತು ಕಡಿಮೆ.

ಶಾಖದ ಮಾತು ಬೇರೆ. ಏಪ್ರಿಲ್ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ತಗಡಿನ ಸೂರಿನ ಕೆಳಗೆ ಕೂತು ಮಿತಿ ಇಲ್ಲದೆ ಫ್ರೇಮ್ ಓಡಿಸಿದರೆ ಕಾರ್ಡ್ ಕಾಯುತ್ತದೆ, ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮೊದಲ ಮ್ಯಾಚಿನಲ್ಲಿ ಚೆನ್ನಾಗಿತ್ತು, ಮೂರನೆಯದರಲ್ಲಿ ಏನೋ ಆಯ್ತು ಅಂತ ಹುಡುಗರು ಹೇಳುವುದು ಬಹಳ ಸಲ ಇದೇ. 2021ರ ಜುಲೈನಲ್ಲಿ ಅಮೆಜಾನ್‌ನ ನ್ಯೂ ವರ್ಲ್ಡ್ ಎಂಬ ಆಟದ ಪರೀಕ್ಷಾ ಆವೃತ್ತಿ ಆಡುವಾಗ ಲಕ್ಷಾಂತರ ರೂಪಾಯಿಯ ಆರ್‌ಟಿಎಕ್ಸ್ 3090 ಕಾರ್ಡುಗಳು ಕೆಲವರ ಮನೆಯಲ್ಲಿ ಸತ್ತೇ ಹೋದವು. ಕಾರ್ಡಿನ ಬೆಸುಗೆಯಲ್ಲೇ ದೋಷ ಇತ್ತು ಅಂತ ಆಮೇಲೆ ತಯಾರಕರು ಹೇಳಿದರು. ಆದರೆ ಆಟದವರು ತಕ್ಷಣ ಮಾಡಿದ ಕೆಲಸ ಏನು? ಮೆನು ಪರದೆಗೆ ಎಫ್‌ಪಿಎಸ್ ಮಿತಿ ಹಾಕಿದ್ದು. ಏನೂ ಅಲುಗಾಡದ ಮೆನು ಪರದೆಯನ್ನು ಸೆಕೆಂಡಿಗೆ ನೂರಾರು ಸಲ ಬರೆಸುವುದರಲ್ಲಿ ಯಾವ ಶೌರ್ಯ ಇದೆ? ನಿಮ್ಮ ಆಟದಲ್ಲೂ ಮೆನುಗೆ ಬೇರೆ ಮಿತಿ ಹಾಕುವ ಅವಕಾಶ ಇದ್ದರೆ 60 ಹಾಕಿ. ಲ್ಯಾಪ್‌ಟಾಪಿನವರಿಗೆ ಇನ್ನೊಂದು ಮಾತು: ಕರೆಂಟ್ ಹೋಗಿ ಬ್ಯಾಟರಿ ಮೇಲೆ ಓಡುವಾಗ ಗೇಮಿಂಗ್ ಲ್ಯಾಪ್‌ಟಾಪಿನ ಕಾರ್ಡ್ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ ಸೆಟ್ಟಿಂಗ್ ಕೆದಕುತ್ತಾ ಕೂರಬೇಡಿ.

ಈಗ ಇನ್ನೊಂದು ಗುಂಪಿನ ಕಡೆ ತಿರುಗೋಣ. "ಮನುಷ್ಯನ ಕಣ್ಣಿಗೆ ಕಾಣೋದು 24 ಫ್ರೇಮ್ ಅಷ್ಟೇ, ಇದೆಲ್ಲ ದುಡ್ಡು ಹೊಡೆಯೋ ದಂಧೆ" ಅನ್ನುವ ಹಿರಿಯರು. ಆ 24 ಬಂದದ್ದು ಸಿನಿಮಾದಿಂದ, ಕಣ್ಣಿನಿಂದಲ್ಲ. ಮಾತಿನ ಸಿನಿಮಾ ಬಂದ ಕಾಲಕ್ಕೆ ಧ್ವನಿ ಸರಿಯಾಗಿ ಕೇಳಲು, ರೀಲು ಉಳಿಸಲು ಮಾಡಿಕೊಂಡ ಹೊಂದಾಣಿಕೆ ಅದು. ಟಾಕೀಸಿನ ಪ್ರೊಜೆಕ್ಟರ್ ಕೂಡ ಒಂದೇ ಚಿತ್ರವನ್ನು ಎರಡು ಮೂರು ಸಲ ಮಿನುಗಿಸಿ ತೋರಿಸುತ್ತಿತ್ತು, ಇಲ್ಲದಿದ್ದರೆ ಪರದೆ ಮಿಟುಕುವುದು ಕಾಣುತ್ತಿತ್ತು. ಜೊತೆಗೆ ಸಿನಿಮಾ ನೋಡುವವನು ಅದರೊಳಗಿನ ಬಂದೂಕು ತಿರುಗಿಸಬೇಕಾಗಿಲ್ಲ. 60ರಿಂದ 144ಕ್ಕೆ ಹೋದರೆ ಎರಡು ಚಿತ್ರಗಳ ನಡುವಿನ ಸಮಯ 16.7ರಿಂದ 6.9 ಮಿಲಿಸೆಕೆಂಡಿಗೆ ಇಳಿಯುತ್ತದೆ. ಹತ್ತು ಮಿಲಿಸೆಕೆಂಡ್ ಲಾಭ. ಇದು ನಿಜವಾದ ವ್ಯತ್ಯಾಸ, ಡೆಸ್ಕ್‌ಟಾಪಿನಲ್ಲಿ ಮೌಸ್ ಅಲ್ಲಾಡಿಸಿದರೇ ಗೊತ್ತಾಗುತ್ತದೆ. ಗಂಭೀರವಾಗಿ ಆಡುವ ಮಗನೋ ಮಗಳೋ 144ರ ಮಾನಿಟರ್ ಕೇಳಿದರೆ ಅದು ಹಠ ಅಲ್ಲ.

144ರಿಂದ 240ಕ್ಕೆ ಹೋದರೆ ಲಾಭ 2.8 ಮಿಲಿಸೆಕೆಂಡ್. 240ರಿಂದ 360ಕ್ಕೆ 1.4. ಬೆಲೆ ಮಾತ್ರ ಹೀಗೆ ಇಳಿಯುವುದಿಲ್ಲ. ಮೇಲಾಗಿ 240ರ ಲಾಭ ಸಿಗಬೇಕಾದರೆ ಕಂಪ್ಯೂಟರ್ ಜಗಳದ ಹೊತ್ತಿನಲ್ಲೂ 240ರ ಹತ್ತಿರ ಫ್ರೇಮ್ ಕೊಡಬೇಕು. 85 ಕೊಡುವ ಕಾರ್ಡಿಗೆ 240ರ ಮಾನಿಟರ್ ಕಟ್ಟುವುದು ಎರಡಂಕಣದ ಮನೆಗೆ ಅರಮನೆ ಬಾಗಿಲು ಇಟ್ಟ ಹಾಗೆ. ಅಂಗಡಿಯವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಬೇರೆ: ವಿಆರ್‌ಆರ್ ಎಷ್ಟರಿಂದ ಎಷ್ಟರ ತನಕ ಕೆಲಸ ಮಾಡುತ್ತದೆ? ಅಗ್ಗದ ಕೆಲವು ಫ್ರೀಸಿಂಕ್ ಮಾನಿಟರುಗಳ ವ್ಯಾಪ್ತಿ 48ರಿಂದ 75 ಅಷ್ಟೇ. ಫ್ರೇಮ್ 48ಕ್ಕಿಂತ ಕೆಳಗೆ ಬಿದ್ದ ಕ್ಷಣ ಟೆಂಪೋ ಕೈಕೊಡುತ್ತದೆ, ಅಂದರೆ ಅಗತ್ಯ ಇದ್ದಾಗಲೇ ಇರುವುದಿಲ್ಲ. 48ರಿಂದ 144 ಇರುವ ಮಾನಿಟರ್ ಆದರೆ ಕೆಳಗೆ ಬಿದ್ದ ಫ್ರೇಮನ್ನು ಎರಡೆರಡು ಸಲ ತೋರಿಸಿ ಸಂಭಾಳಿಸುವಷ್ಟು ಜಾಗ ಇರುತ್ತದೆ. ಪೆಟ್ಟಿಗೆಯ ಮೇಲೆ ಫ್ರೀಸಿಂಕ್ ಅಂತ ಬರೆದಿದ್ದರೆ ಸಾಲದು, ಆ ಎರಡು ಅಂಕಿ ಬೇಕು. ಅಂಗಡಿಯಲ್ಲಿ ಉತ್ತರ ಸಿಗದಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಹೊರಗೆ ಬಂದು ತಯಾರಕರ ಪುಟ ನೋಡಿ. ಮೊಬೈಲ್ ಕೈಯಲ್ಲೇ ಇದೆ.

ತಂದವರು ಮೊದಲು ಮಾಡಬೇಕಾದ ಕೆಲಸ ಇನ್ನೂ ಸಣ್ಣದು, ಮತ್ತು ಬಹಳ ಜನ ಮಾಡಿಯೇ ಇರುವುದಿಲ್ಲ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ ಒಳಗೆ ಅಡ್ವಾನ್ಸ್‌ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಎಷ್ಟಿದೆ ನೋಡಿ. 144ರ ಮಾನಿಟರ್ ತಂದು ತಿಂಗಳುಗಟ್ಟಲೆ 60ರಲ್ಲೇ ಆಡುವವರು ಇದ್ದಾರೆ, ಏಕೆಂದರೆ ಅದನ್ನು ಕೈಯಾರೆ ಬದಲಾಯಿಸಬೇಕು. ಪಟ್ಟಿಯಲ್ಲಿ 144 ಕಾಣದಿದ್ದರೆ ಕೇಬಲ್ ನೋಡಿ. ಹಳೆಯ ಎಚ್‌ಡಿಎಂಐ ಪೋರ್ಟಿನಲ್ಲಿ ಸಿಕ್ಕಿಸಿದ್ದರೆ ಕಡಿಮೆ ನಂಬರಿಗೇ ನಿಲ್ಲಬಹುದು, ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಆ ಕೇಬಲ್ಲನ್ನು ಕಾರ್ಡಿಗೇ ಸಿಕ್ಕಿಸಿ, ಮದರ್‌ಬೋರ್ಡಿನ ತೂತಿಗಲ್ಲ. ಮಾನಿಟರಿನ ಕೆಳಗಿನ ಗುಂಡಿ ಒತ್ತಿದರೆ ಬರುವ ಮೆನುವಿನಲ್ಲಿ ಫ್ರೀಸಿಂಕ್ ಅಥವಾ ಅಡಾಪ್ಟಿವ್ ಸಿಂಕ್ ಅಂತ ಇರುತ್ತದೆ, ಹಲವು ಮಾನಿಟರುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಅದನ್ನು ಆನ್ ಮಾಡಿದ ಮೇಲೆಯೇ ಡ್ರೈವರಿನಲ್ಲಿ ಆಯ್ಕೆ ಕಾಣುವುದು.

ಬೇರೆ ಕಾರ್ಡ್ ಇಲ್ಲದೆ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರೂ ನಮ್ಮಲ್ಲಿ ತುಂಬಾ ಇದ್ದಾರೆ. ಅವರು ಮಾನಿಟರ್ ಮುಟ್ಟುವ ಮುಂಚೆ ಪೆಟ್ಟಿಗೆ ಬಿಚ್ಚಿ ರ್‍ಯಾಮ್ ಎಷ್ಟು ಕಡ್ಡಿ ಇದೆ ನೋಡಲಿ. 8 ಜಿಬಿಯ ಒಂದೇ ಕಡ್ಡಿ ಇದ್ದರೆ ಅಂಥದ್ದೇ ಇನ್ನೊಂದು ಹಾಕಿಸಿ. ಒಳಗಿನ ಗ್ರಾಫಿಕ್ಸ್ ಅದೇ ರ್‍ಯಾಮನ್ನು ಬಳಸುವುದರಿಂದ ದಾರಿ ಎರಡು ಪಟ್ಟು ಅಗಲ ಆಗುತ್ತದೆ, ಆ ಕಡಿಮೆ ನಂಬರ್ ಮೇಲೆ ಬರುತ್ತದೆ. 60 ಹರ್ಟ್ಸ್‌ನ ಹಳೆಯ ಮಾನಿಟರ್, ವಿಆರ್‌ಆರ್ ಇಲ್ಲ ಅಂದರೆ? ಸ್ಪರ್ಧೆಗೆ ಆಡುವಾಗ ವಿ-ಸಿಂಕ್ ಆಫ್, ಟೇರಿಂಗ್ ಸಹಿಸಿಕೊಳ್ಳಿ, ಆದರೆ ಜಗಳದ ಹೊತ್ತಿನಲ್ಲಿ ಬರುವ ಅತಿ ಕಡಿಮೆ ನಂಬರಿಗಿಂತ ಸ್ವಲ್ಪ ಮೇಲೆ ಮಿತಿ ಹಾಕಿ. ನೆರಳು, ಹೊಗೆ, ಹುಲ್ಲಿನ ಅಂದ ಎಲ್ಲಾ ಕಡಿಮೆ ಮಾಡಿ. ಅಂದ ನೋಡುವವರು ಹಂಪಿಗೆ ಹೋಗಬಹುದು.

ನೆಟ್‌ವರ್ಕ್ ಬಗ್ಗೆ ಒಂದೇ ಮಾತು. ವ್ಯಾಲರೆಂಟ್‌ನ ಸರ್ವರ್ ಸೆಕೆಂಡಿಗೆ 128 ಸಲ ಲೆಕ್ಕ ಹಾಕುತ್ತದೆ, ಅದು ಇರುವುದು ಮುಂಬೈಯಲ್ಲಿ. ನಿಮ್ಮ ಪಿಂಗ್ 40 ಇದ್ದದ್ದು ಒಮ್ಮೆಲೇ 130ಕ್ಕೆ ಹಾರಿದರೆ ಕಳೆದುಕೊಂಡದ್ದು 90 ಮಿಲಿಸೆಕೆಂಡ್. 240ರ ಮಾನಿಟರ್ ಕೊಡುವ 2.8 ಅಲ್ಲಿ ಎಲ್ಲಿ ಹೋಯಿತು? ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಆಡುತ್ತಾ ಮಾನಿಟರಿಗೆ ದುಡ್ಡು ಕೂಡಿಡುವವರು ಮೊದಲು ಮನೆಗೆ ಫೈಬರ್ ಬರುತ್ತದಾ ಅಂತ ವಿಚಾರಿಸಿ. ರೂಟರಿನಿಂದ ಕಂಪ್ಯೂಟರಿಗೆ ವೈರ್ ಎಳೆಯಿರಿ. ವೈಫೈ ಬೇಡ.

ಇನ್ನು ಮೊಬೈಲ್. ಇದನ್ನು ಓದುತ್ತಿರುವ ಬಹುತೇಕರು ಆಡುವುದು ಇದರಲ್ಲೇ, ಮೋಸ ಜಾಸ್ತಿ ಇರುವುದೂ ಇಲ್ಲೇ. ಪೆಟ್ಟಿಗೆಯ ಮೇಲೆ 240 ಹರ್ಟ್ಸ್ ಅಂತ ದಪ್ಪ ಅಕ್ಷರದಲ್ಲಿ ಇದ್ದರೆ ಕೆಳಗೆ ಸಣ್ಣದಾಗಿ ಏನಿದೆ ಓದಿ. ಟಚ್ ಸ್ಯಾಂಪ್ಲಿಂಗ್ ಅಂತ ಇರುತ್ತದೆ. ಅದು ಬೆರಳು ಎಲ್ಲಿದೆ ಅಂತ ಪರದೆ ಎಷ್ಟು ಸಲ ನೋಡುತ್ತದೆ ಅನ್ನುವ ಲೆಕ್ಕ. ಚಿತ್ರ ಬದಲಾಗುವುದು 90 ಸಲವೋ 120 ಸಲವೋ ಇರಬಹುದು. ಎರಡೂ ಬೇರೆ ಬೇರೆ, ಮಾರುವವರು ಬೇಕೆಂದೇ ಕಲಸುತ್ತಾರೆ.

ಮೊಬೈಲಿನಲ್ಲಿ ವಿ-ಸಿಂಕ್ ಆಫ್ ಮಾಡುವ ಗುಂಡಿ ಇಲ್ಲ. ಆಂಡ್ರಾಯ್ಡ್ ಯಾವಾಗಲೂ ಪರದೆಯ ತಾಳಕ್ಕೆ ಸೇರಿಸಿಯೇ ಚಿತ್ರ ತೋರಿಸುತ್ತದೆ, ಅಂದರೆ ಯಾವಾಗಲೂ ಸರ್ಕಾರಿ ಬಸ್. ಆದ್ದರಿಂದ ಇಲ್ಲಿ ಫ್ರೇಮ್ ರೇಟ್ ಆರಿಸುವುದು ಭಾಗಾಕಾರದ ಲೆಕ್ಕ. ಬಿಜಿಎಂಐನಲ್ಲಿ ಹೈ ಅಂದರೆ 30, ಅಲ್ಟ್ರಾ ಅಂದರೆ 40, ಎಕ್ಸ್‌ಟ್ರೀಮ್ ಅಂದರೆ 60. ಹೆಸರು ನೋಡಿ, ಅಲ್ಟ್ರಾ ಅಂತೆ, ನಲವತ್ತಕ್ಕೆ! 60 ಹರ್ಟ್ಸ್ ಪರದೆಯ ಮೇಲೆ 40 ಓಡಿಸಿದರೆ ಒಂದು ಫ್ರೇಮ್ ಒಂದು ಬಸ್ಸಿಗೆ, ಮುಂದಿನದು ಎರಡು ಬಸ್ಸಿಗೆ ಅಂತ ಕುಂಟುತ್ತಾ ಹೋಗುತ್ತದೆ. 120ರ ಪರದೆಯ ಮೇಲೆ 90 ಓಡಿಸಿದರೂ ಪರದೆ ತಾನೇ 90ಕ್ಕೆ ಇಳಿಯದಿದ್ದರೆ ಅದೇ ಕುಂಟು. 60 ಆದರೆ 60ರ ಪರದೆಗೂ ಸರಿ, 120ರ ಪರದೆಗೂ ಸರಿ. ಮಧ್ಯಮ ಬೆಲೆಯ ಫೋನಿನವರಿಗೆ ನನ್ನ ಸಲಹೆ ಒಂದೇ: ಗ್ರಾಫಿಕ್ಸ್ ಸ್ಮೂತ್, ಫ್ರೇಮ್ ರೇಟ್ ಎಕ್ಸ್‌ಟ್ರೀಮ್, ಕವರ್ ತೆಗೆದಿಡಿ, ಚಾರ್ಜಿಗೆ ಹಾಕಿಕೊಂಡು ಆಡಬೇಡಿ. ಇಪ್ಪತ್ತು ನಿಮಿಷ ಆದ ಮೇಲೂ 60 ಉಳಿದರೆ ನಿಮ್ಮ ಫೋನ್ ಚೆನ್ನಾಗಿದೆ, ಹೊಸದು ಬೇಡ. ಮೊದಲ ಐದು ನಿಮಿಷ 90 ಕೊಟ್ಟು ಆಮೇಲೆ ಬಿಸಿಯಾಗಿ 45ಕ್ಕೆ ಕೂರುವ ಫೋನಿಗಿಂತ ಅದು ಎಷ್ಟೋ ಮೇಲು.

ಲಾಕ್ ಆಗಿರುವ 90 ತೆರೆಯುತ್ತೇವೆ ಅಂತ ಹೇಳುವ ಜಿಎಫ್‌ಎಕ್ಸ್ ಟೂಲ್‌ಗಳು ಆಟದ ಫೈಲುಗಳನ್ನೇ ತಿದ್ದುತ್ತವೆ. ಅದು ನಿಯಮಕ್ಕೆ ವಿರುದ್ಧ, ವರ್ಷಗಟ್ಟಲೆ ಆಡಿದ ಐಡಿ ಹೋಗಬಹುದು. ಪರದೆಯೇ 60 ಹರ್ಟ್ಸ್ ಆಗಿದ್ದರೆ ಒಳಗೆ 90 ತಯಾರಾದರೂ ಹೊರಗೆ ಕಾಣುವುದು 60. ಮಿಕ್ಕ 30 ಫ್ರೇಮ್ ಬ್ಯಾಟರಿ ತಿಂದು ಹಾಗೇ ಸಾಯುತ್ತವೆ.

ಕೊನೆಗೆ ಟೂರ್ನಮೆಂಟ್ ನಡೆಸುವವರಿಗೆ. ಗಣಪತಿ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ, ಕಾಲೇಜ್ ಡೇಗೆ ಈಗ ಇ-ಸ್ಪೋರ್ಟ್ಸ್ ಪಂದ್ಯ ಇಡುತ್ತೀರಿ, ಸಂತೋಷ. ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತೀರಿ, ಅದೂ ಇರಲಿ. ಆದರೆ ಹತ್ತು ಕಂಪ್ಯೂಟರಿನಲ್ಲಿ ಮೂರಕ್ಕೆ 144ರ ಮಾನಿಟರ್, ಏಳಕ್ಕೆ 60ರದು ಇಟ್ಟು, ಯಾರು ಎಲ್ಲಿ ಕೂರಬೇಕು ಅಂತ ನಿಮ್ಮ ಪರಿಚಯದ ಮೇಲೆ ತೀರ್ಮಾನ ಆಗುವುದಾದರೆ ಅದು ಪಂದ್ಯ ಅಲ್ಲ. ಕಬಡ್ಡಿ ಅಂಕಣದ ಒಂದು ಕಡೆ ಮರಳು, ಇನ್ನೊಂದು ಕಡೆ ಕಲ್ಲು ಹಾಕಿದರೆ ಊರಿನವರು ಸುಮ್ಮನಿರುತ್ತಾರಾ? ಎಲ್ಲಾ ಮಾನಿಟರ್ ಒಂದೇ ಸಮ ತರಲು ಆಗದಿದ್ದರೆ ಎಲ್ಲವನ್ನೂ 60 ಹರ್ಟ್ಸ್‌ಗೆ ಇಳಿಸಿ, ಎಲ್ಲಾ ಕಂಪ್ಯೂಟರಿಗೂ ಒಂದೇ ಎಫ್‌ಪಿಎಸ್ ಮಿತಿ, ಒಂದೇ ಸಿಂಕ್ ಸೆಟ್ಟಿಂಗ್ ಹಾಕಿ. ಮಿತಿಯನ್ನು ಅಲ್ಲಿರುವ ಅತಿ ದುರ್ಬಲ ಕಂಪ್ಯೂಟರ್ ಜಗಳದ ಹೊತ್ತಿನಲ್ಲಿ ಎಷ್ಟು ಕೊಡುತ್ತದೆ ಅಂತ ಆಡಿಸಿ ನೋಡಿ ನಿಗದಿ ಮಾಡಿ. ಅದಾಗದಿದ್ದರೆ ಸೀಟಿಗೆ ಚೀಟಿ ಎತ್ತಿ, ಅರ್ಧ ಆಟ ಆದ ಮೇಲೆ ಕಡೆ ಬದಲಾಯಿಸಿ. ಪೋಸ್ಟರಿನಲ್ಲಿ ಬಹುಮಾನದ ಮೊತ್ತ ಎಷ್ಟು ದೊಡ್ಡದಾಗಿ ಹಾಕುತ್ತೀರೋ ಅದರ ಕೆಳಗೆ ಒಂದು ಸಾಲಿನಲ್ಲಿ ಮಾನಿಟರ್ ಎಷ್ಟು ಹರ್ಟ್ಸ್, ಮಿತಿ ಎಷ್ಟು ಅಂತ ಬರೆಯಿರಿ. ದುಡ್ಡು ಕಟ್ಟುವ ಹುಡುಗರೂ ಹೆಸರು ಕೊಡುವ ಮುಂಚೆ ಇದನ್ನೇ ಕೇಳಿ, ಉತ್ತರ ಕೊಡದ ಕಡೆ ನೂರು ರೂಪಾಯಿ ಉಳಿಸಿಕೊಂಡು ಮನೆಗೆ ಬನ್ನಿ.